ಚೋಮನ ದುಡಿಗೆ ಎಷ್ಟು ಕೂಲಿ?

ಪುಸ್ತಕಕ್ಕೆ ಬೆಲೆ ಕಟ್ಟೋಕಾಗಲ್ಲ ಅಂತ ವೇದಿಕೆ ಮೇಲೆ ನಿಂತು ಹೇಳುವವರ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ತಲೆಮಾರಿನಿಂದ ಪುಸ್ತಕದ ಕಪಾಟು ಇರುತ್ತದೆ. ನಮ್ಮ ಕೇರಿಗಳಿಂದ ಓದಲು ಹೊರಟವರಿಗೆ ಪುಸ್ತಕದ ಮೊದಲ ಪುಟ ಅಂದ್ರೆ ಬೆಲೆ ಅಚ್ಚಾಗಿರುವ ಪುಟ. ಅದನ್ನು ನೋಡಿಕೊಂಡು ಆಮೇಲೆ ಮುಖಪುಟಕ್ಕೆ ಬರ್ತೇವೆ. ಬೆಲೆ ಕಟ್ಟಿದ್ದಾರೆ, ಅಚ್ಚುಮೊಳೆ ಬಂದ ದಿನದಿಂದ ಕಟ್ಟುತ್ತಲೇ ಬಂದಿದ್ದಾರೆ. ಯಾರು ಕಟ್ಟಿದರು, ಯಾರ ಜೇಬನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದರು ಅನ್ನೋದಕ್ಕೂ ಒಂದು ಚರಿತ್ರೆ ಇದೆ. ನಮ್ಮ ಸಾಹಿತ್ಯ ಚರಿತ್ರೆಯ ದಪ್ಪ ಸಂಪುಟಗಳಲ್ಲಿ ನವೋದಯ ಇದೆ, ಪ್ರಗತಿಶೀಲ ಇದೆ, ನವ್ಯ ಇದೆ. ಎಷ್ಟು ಆಣೆ, ಎಷ್ಟು ರೂಪಾಯಿ, ಆ ಆಣೆ ಸಂಪಾದಿಸಲು ಎಷ್ಟು ಹೊತ್ತು ಬಗ್ಗಿ ಕಳೆ ಕೀಳಬೇಕಿತ್ತು ಅನ್ನೋದು ಮಾತ್ರ ಇಲ್ಲ. ಪಂಡಿತರು ಬಿಟ್ಟ ಆ ಲೆಕ್ಕವನ್ನು ನಾವಿಲ್ಲಿ ಒಂದಿಷ್ಟು ಹಾಕಿ ನೋಡ್ತೇವೆ.

ಲೆಕ್ಕಕ್ಕೆ ಒಂದು ಪುಸ್ತಕ ಬೇಕು. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನೇ ತಗೊಳ್ಳೋಣ. 1933ರಲ್ಲಿ ಬಂದ ಕಾದಂಬರಿ, ತೆಳು ಪುಸ್ತಕ. ಕತೆ ನಿಮಗೆ ಗೊತ್ತಿರೋದೇ. ಸಂಕಪ್ಪಯ್ಯನ ಕೈಕೆಳಗೆ ದುಡಿಯುವ ಚೋಮ ಒಂದು ತುಂಡು ನೆಲವನ್ನು ತಾನೇ ಉಳಬೇಕು ಅಂತ ಆಸೆಪಡ್ತಾನೆ. ಎತ್ತು ಸಾಕಿದ್ದಾನೆ, ನೆಲ ಇಲ್ಲ. ಕಾಫಿ ತೋಟದ ಸಾಲಕ್ಕೆ ಮಕ್ಕಳನ್ನು ಕಳಿಸಿ ಒಬ್ಬೊಬ್ಬರನ್ನೇ ಕಳಕೊಂಡು, ಕೊನೆಗೆ ದುಡಿ ಬಡೀತಾ ಸಾಯ್ತಾನೆ. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು. ಅಕ್ಷರ ಬಾರದ ನಮ್ಮ ಹಿರಿಯರಿಗೆ ಚೋಮ ತಲುಪಿದ್ದರೆ ಈ ಪರದೆಯಿಂದಲೇ ಹೊರತು ಪುಸ್ತಕದಿಂದಲ್ಲ. ಈ ಕತೆಯನ್ನು ಚೋಮನ ಕೇರಿಯವನೇ ಬರೆದಿದ್ದರೆ ಹೇಗಿರ್ತಿತ್ತು ಅನ್ನುವ ಜಗಳ ನಮ್ಮಲ್ಲಿ ಹಳೆಯದು, ಅದನ್ನು ಇವತ್ತು ಬದಿಗಿಡೋಣ. ನಮ್ಮ ಪ್ರಶ್ನೆ ಅದಕ್ಕಿಂತ ಸಣ್ಣದು. ಈ ಪುಸ್ತಕ ಕೊಳ್ಳಲು ಚೋಮನಿಗೆ ಎಷ್ಟು ದಿನದ ಕೂಲಿ ಬೇಕಾಗ್ತಿತ್ತು? ಲೆಕ್ಕ ಅಲ್ಲೇ ನಿಂತುಬಿಡ್ತದೆ. ಜೀತದವನಿಗೆ ಕೂಲಿ ಅನ್ನೋದು ದುಡ್ಡಿನಲ್ಲಿ ಬರ್ತಿರಲಿಲ್ಲ. ಅಚ್ಚಿನ ಬೆಲೆಯನ್ನು ಒಂದು ಸೇರು ದವಸಕ್ಕೆ, ಒಡೆಯನ ಹಳೇ ಪಂಚೆಗೆ ಹೇಗೆ ಭಾಗಿಸ್ತೀರಿ?

ಈಗ ನಮ್ಮ ಕೈಯಲ್ಲಿ ಫೋನಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ನಾವು ಕೆಲವು ಗೆಳೆಯರು ಕೂತು ಆನ್‌ಲೈನ್ ಅಂಗಡಿಗಳಲ್ಲಿ ಹಳೆಯ ಕನ್ನಡ ಕಾದಂಬರಿಗಳ ಬೆಲೆ ಹೋಲಿಸಿ ನೋಡುವುದು ಒಂದು ಚಟವೇ ಆಗಿದೆ. ಕೊಳ್ಳುವುದು ಒಂದು, ನೋಡುವುದು ಹತ್ತು. ಹಾಗೆ ನೋಡಿ ನೋಡಿ ಕಲಿತದ್ದು ಏನಪ್ಪಾ ಅಂದ್ರೆ, ಒಂದು ಪುಸ್ತಕಕ್ಕೆ ಒಂದು ಬೆಲೆ ಅನ್ನೋದೇ ಇಲ್ಲ. ಮುಖಬೆಲೆ ಒಂದು. ಪ್ರಕಾಶಕರು ತಾವೇ ಮಾರುವ ಬೆಲೆ ಒಂದು. ದೊಡ್ಡ ಆನ್‌ಲೈನ್ ಸಂತೆಯಲ್ಲಿ ಮುಖಬೆಲೆಯನ್ನು ಕೆಂಪು ಗೀಟಿನಿಂದ ಹೊಡೆದು ಪಕ್ಕದಲ್ಲಿ ಬರೆದ ಬೆಲೆ ಇನ್ನೊಂದು. ಪುಸ್ತಕ ಸದ್ಯಕ್ಕೆ ಅಚ್ಚಿನಲ್ಲಿಲ್ಲ ಅಂತಾದರೆ ಯಾವನೋ ಮೂರನೆಯ ಮಾರಾಟಗಾರ ಹಳೇ ಪ್ರತಿಯೊಂದನ್ನು ಇಟ್ಟುಕೊಂಡು ಮುಖಬೆಲೆಯ ಹಲವು ಪಟ್ಟು ಹೇಳ್ತಾನೆ. ಬೆಳಿಗ್ಗೆ ನೋಡಿದ ಬೆಲೆ ಸಂಜೆಗೆ ಇರಬೇಕೆಂಬ ನಿಯಮವೂ ಇಲ್ಲ.

ಇದರ ಜೊತೆಗೆ ಸಾಗಣೆ. ಲೆಕ್ಕಕ್ಕೆ ಸುಮ್ಮನೆ ಒಂದು ಅಂಕಿ ಹಿಡಿಯೋಣ: ಪುಸ್ತಕ 100 ರೂಪಾಯಿ, ರಿಯಾಯಿತಿ 10, ಸಾಗಣೆ 50. ಕೈಗೆ ಬರುವಾಗ 140. ರಿಯಾಯಿತಿ ಕೊಟ್ಟವನೇ ಹೆಚ್ಚು ತಗೊಂಡ. ಇಷ್ಟು ರೂಪಾಯಿ ಮೇಲೆ ಕೊಂಡರೆ ಸಾಗಣೆ ಬಿಟ್ಟಿ ಅಂತ ಕೆಳಗೆ ಬರೆದಿರ್ತಾರೆ. ಅಂದರೆ ಐದು ಪುಸ್ತಕ ಒಟ್ಟಿಗೆ ಕೊಳ್ಳಬಲ್ಲವನಿಗೆ ಪುಸ್ತಕ ಅಗ್ಗ, ಒಂದೇ ಒಂದು ಕೊಳ್ಳುವವಳಿಗೆ ದುಬಾರಿ. ನಮ್ಮಮ್ಮಂದಿರು ಶೆಟ್ಟರ ಅಂಗಡಿಯಲ್ಲಿ ಕಾಲು ಲೀಟರು ಎಣ್ಣೆ ಕೊಂಡು ಲೀಟರು ಕೊಳ್ಳುವವರಿಗಿಂತ ಹೆಚ್ಚು ತೆತ್ತ ಹಾಗೇ ಇದು. ತೆಳು ಪುಸ್ತಕಕ್ಕೆ ಈ ಪೆಟ್ಟು ಇನ್ನೂ ಜಾಸ್ತಿ, ಯಾಕೆಂದರೆ ಸಾಗಣೆಯ ದುಡ್ಡು ಪುಸ್ತಕದ ಬೆಲೆಯಷ್ಟು ಬೇಗ ಇಳಿಯೋದಿಲ್ಲ. ಬಡವರ ಕತೆಯ ಪುಸ್ತಕ ತೆಳುವಾಗಿದ್ದೂ ಬಡವರಿಗೆ ಭಾರ.

ಹುಡುಕುವುದೂ ಸುಲಭ ಅಲ್ಲ. ಚೋಮ ಅಂತ ಕನ್ನಡದಲ್ಲಿ ಬರೆದರೆ ಒಂದು ಪಟ್ಟಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಇನ್ನೊಂದು ಪಟ್ಟಿ, ಒಂದು ಅಕ್ಷರ ಹೆಚ್ಚು ಕಮ್ಮಿ ಆದರೆ ಮತ್ತೊಂದು. ಹಳೆಯ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಪುಸ್ತಕಗಳಿಗೆ ಐಎಸ್‌ಬಿಎನ್ ನಂಬರೇ ಇಲ್ಲ, ನಂಬರಿಲ್ಲದ ಪುಸ್ತಕ ಆ ಸಂತೆಯಲ್ಲಿ ಪಡಿತರ ಚೀಟಿ ಇಲ್ಲದ ಮನುಷ್ಯನ ಹಾಗೆ.

ಕೊನೆಗೆ ವಿಳಾಸ. ಇದನ್ನು ಓದುವ ಮಾಸ್ತರುಗಳಿಗೆ ಹೇಳಬೇಕಾದ್ದಿಲ್ಲ, ಆದರೂ ಹೇಳ್ತೇವೆ. ನಮ್ಮ ಹೆಚ್ಚಿನವರ ವಿಳಾಸದಲ್ಲಿ ‘ಎ.ಕೆ. ಕಾಲೋನಿ’ ಅಂತ ಬರೀಬೇಕು. ಮನೆ ನಂಬರಿಗಿಂತ ಮುಂಚೆ ಜಾತಿಯೇ ಪೋಸ್ಟಾಗ್ತದೆ. ಫೋನಿನ ನಕಾಶೆಯಲ್ಲಿ ಊರ ದೇವಸ್ಥಾನ ಇರ್ತದೆ, ಹಾಲಿನ ಡೈರಿ ಇರ್ತದೆ, ಕಾಲೋನಿಗೆ ಹೋಗುವ ದಾರಿ ಇರೋದಿಲ್ಲ. ಪಾರ್ಸಲ್ ತಂದ ಹುಡುಗ (ಅವನೂ ನಮ್ಮಂಥವನೇ, ಅವನನ್ನು ಬೈಯೋದಿಲ್ಲ) ಊರೊಳಗಿನ ಯಾವುದೋ ಅಂಗಡಿಯಲ್ಲಿ ಇಟ್ಟು ಫೋನ್ ಮಾಡ್ತಾನೆ. ಅಂಗಡಿಯವರು ಪೊಟ್ಟಣ ತಿರುಗಿಸಿ ನೋಡಿ, ‘ಏನಪ್ಪಾ, ಪುಸ್ತಕಾನಾ?’ ಅಂತ ಕೇಳುವ ದನಿಗೆ ಯಾವ ಆನ್‌ಲೈನ್ ಅಂಗಡಿಯೂ ಬೆಲೆ ನಮೂದಿಸಿಲ್ಲ.

ಹಿಂದಕ್ಕೆ ಹೋಗೋಣ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಹೇಳುವ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ. ಕಾದಂಬರಿ ಕೊಂಡು ಓದುವ ಜನ ಅಂತ ಆಗ ಇದ್ದದ್ದೇ ವಕೀಲರು, ಗುಮಾಸ್ತರು, ಮಾಸ್ತರರು. ಉತ್ತರ ಕರ್ನಾಟಕದಲ್ಲಿ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತುಕೊಂಡು ಊರೂರು ಅಲೆದು ಮಾರಿದರು. ಆ ಹೊರೆಗೆ ನಾವು ಕೈಮುಗೀತೇವೆ. ಆದರೆ ಆ ಗಂಟು ಯಾವ ಬೀದಿಯವರೆಗೆ ಬಂತು ಅಂತ ಕೇಳುವುದು ಅವಮಾನ ಅಲ್ಲ. ಕೇರಿಗೆ ಬಂದಿದ್ದರೂ ಬಿಚ್ಚಿ ಓದುವವರು ಯಾರಿದ್ದರು? ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಶಾಲೆಯ ಬಾಗಿಲು ಅಸ್ಪೃಶ್ಯ ಮಕ್ಕಳಿಗೂ ತೆರೆಯಬೇಕು ಅಂತ ಆದೇಶ ಆದದ್ದೇ 1915ರಲ್ಲಿ. ಆದೇಶ ಆದ ದಿನವೇ ಬಾಗಿಲು ತೆರೀತು ಅಂತ ನಮ್ಮ ಅಜ್ಜಂದಿರು ಯಾರೂ ಹೇಳಿಲ್ಲ.

ಚೋಮನ ದುಡಿ ಬಂದ 1933ರಲ್ಲೇ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರುಮಾಡಿದರು. ಅವರದು ಚಂದಾದಾರರ ಪದ್ಧತಿ. ಮೊದಲೇ ಚಂದಾ ಕಟ್ಟಿದವರಿಗೆ ವರ್ಷಕ್ಕೆ ಇಷ್ಟು ಪುಸ್ತಕ ಅಂಚೆಯಲ್ಲಿ ಮನೆಗೇ ಬರುತ್ತಿತ್ತು. ಇವತ್ತಿನ ಆನ್‌ಲೈನ್ ಅಂಗಡಿಯವರು ತಮ್ಮದೇ ಆವಿಷ್ಕಾರ ಅಂತ ಮೆರೆಸುವ ಮನೆಬಾಗಿಲ ಪುಸ್ತಕವನ್ನು ಧಾರವಾಡದ ಒಂದು ಅಟ್ಟದಿಂದ ಪೋಸ್ಟ್‌ಮ್ಯಾನ್ ಆಗಲೇ ಹಂಚಿದ್ದ. 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ವೂ ಬಂದದ್ದು ಇಲ್ಲಿಂದಲೇ. ಒಳ್ಳೇ ಪದ್ಧತಿ. ಒಂದೇ ತೊಡಕು: ಓದುವ ಮೊದಲೇ ದುಡ್ಡು ಕಟ್ಟಬೇಕು. ನಾಳೆಯ ಅನ್ನದ ದುಡ್ಡೇ ಇಲ್ಲದವನು ಮುಂದಿನ ವರ್ಷದ ಕಾದಂಬರಿಗೆ ಮುಂಗಡ ಕೊಡಲಾರ. ಅವನಿಗೆ ಗೊತ್ತಿದ್ದ ಒಂದೇ ಮುಂಗಡ ಅಂದ್ರೆ ಒಡೆಯನ ಹತ್ತಿರ ತಾನು ಪಡೆದದ್ದು, ಅದಕ್ಕೆ ಮಗನನ್ನು ಅಡ ಇಟ್ಟದ್ದು. ಆ ಜೀತಪದ್ಧತಿ ಕಾನೂನಿನ ಪ್ರಕಾರ ರದ್ದಾಗಲು 1976 ಬರಬೇಕಾಯ್ತು.

ಇಲ್ಲಿ ಒಂದು ಪುಸ್ತಕದ ಬೆಲೆಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಕಾದಂಬರಿ ಅಲ್ಲ, ಆದರೆ ನಮಗೆ ಎಲ್ಲ ಕಾದಂಬರಿಗಿಂತ ದೊಡ್ಡದು. ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲದವರು ಬಾಬಾಸಾಹೇಬರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಭಾಷಣ ಓದಿ ಬೆದರಿ, ಸಭೆಯನ್ನೇ ರದ್ದು ಮಾಡಿದರು. ಅಂಬೇಡ್ಕರ್ 1936ರಲ್ಲಿ ಆ ಭಾಷಣವನ್ನು, ‘ಜಾತಿ ವಿನಾಶ’ವನ್ನು, ತಮ್ಮ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಬೆಲೆ 8 ಆಣೆ. ಅದೇ ಜುಲೈನಲ್ಲಿ ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಅದರ ಮೇಲೆ ಬರೆದರು. ವಾದಕ್ಕೆ ಎದುರು ವಾದ ಇತ್ತು, ಅದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಒಂದು ಸಲಹೆಯೂ ಇತ್ತು: 8 ಆಣೆ ಹೆಚ್ಚಾಯಿತು, 2 ಆಣೆಗೆ, ಇಲ್ಲವೇ 4 ಆಣೆಗಾದರೂ ಇಳಿಸಬೇಕು ಅಂತ.

ಈ ಸಲಹೆಯನ್ನು ನಾವು ಎರಡು ಥರ ಓದಿದ್ದೇವೆ. ನಮ್ಮೊಳಗೇ ಇದರ ಬಗ್ಗೆ ಜಗಳ ಇದೆ. ಒಂದು ಪಕ್ಷ ಹೇಳೋದು: ಸರಿಯಾಗೇ ಹೇಳಿದರು. ಯಾರಿಗಾಗಿ ಬರೆದದ್ದೋ ಅವರ ಕೂಲಿ ಆಣೆಯಲ್ಲಿ ಎಣಿಸುವಂಥದ್ದು, 8 ಆಣೆ ಅವರಿಗೆ ಬೆಟ್ಟ. ಇನ್ನೊಂದು ಪಕ್ಷ ಹೇಳೋದು: ಪತ್ರಿಕೆಯ ಬೆನ್ನಿಗೆ ದೊಡ್ಡ ದಾನಿಗಳು ಇರುವವರು ಸ್ವಂತ ಜೇಬಿನಿಂದ ಅಚ್ಚು ಹಾಕಿಸಿದವರಿಗೆ ಬೆಲೆಯ ಪಾಠ ಹೇಳಬಾರದು. ಎರಡೂ ನಿಜ ಇರಬಹುದು. ನಾವು ಗಮನಿಸಬೇಕಾದ್ದು ಇಷ್ಟು: 1500 ಪ್ರತಿ ಎರಡೇ ತಿಂಗಳಲ್ಲಿ ಖರ್ಚಾಯಿತು. ಇಂಥದ್ದನ್ನು ಓದುವ ಜನ ಇಲ್ಲ ಅನ್ನುವ ಮಾತು ಸುಳ್ಳು ಅಂತ ಆವತ್ತೇ ರುಜುವಾತಾಯಿತು. ನ್ಯೂಯಾರ್ಕಿನಲ್ಲಿ ಓದುವಾಗ ಹಳೇ ಪುಸ್ತಕದಂಗಡಿಗಳಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಸಾವಿರಾರು ಪುಸ್ತಕ ಕೊಂಡ ಮನುಷ್ಯ ಅವರು. 1917ರಲ್ಲಿ ಲಂಡನ್ನಿನಿಂದ ಮರಳುವಾಗ ಸಾಮಾನಿನ ಹಡಗು ಯುದ್ಧದಲ್ಲಿ ಮುಳುಗಿ ಪುಸ್ತಕಗಳು ಸಮುದ್ರದ ಪಾಲಾದವು. ಪುಸ್ತಕದ ಬೆಲೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದೇ ಕಾಲದಲ್ಲಿ, 1935ರಲ್ಲಿ, ಇಂಗ್ಲೆಂಡಿನಲ್ಲಿ ಅಲೆನ್ ಲೇನ್ ಅನ್ನುವವನು ಪೆಂಗ್ವಿನ್ ಪುಸ್ತಕಗಳನ್ನು ಆರು ಪೆನ್ಸಿಗೆ ತಂದ. ಒಂದು ಸಿಗರೇಟು ಪ್ಯಾಕಿನ ಬೆಲೆಗೆ ಒಳ್ಳೇ ಕಾದಂಬರಿ. ನಮ್ಮಲ್ಲಿ ಅಂಥ ಅಗ್ಗದ ಪುಸ್ತಕ ದೊಡ್ಡ ಪ್ರಮಾಣದಲ್ಲಿ ಬಂದದ್ದು ಮಾಸ್ಕೋದಿಂದ. ರಷ್ಯಾದಲ್ಲೇ ಅಚ್ಚಾದ ಕನ್ನಡ ಪುಸ್ತಕಗಳು, 1960ರಲ್ಲಿ ಶುರುವಾದ ನವಕರ್ನಾಟಕದ ಅಂಗಡಿಗಳಲ್ಲಿ, ಗಟ್ಟಿ ರಟ್ಟಿನ ಬೈಂಡಿನಲ್ಲಿ, ಪುಡಿಗಾಸಿಗೆ ಸಿಗುತ್ತಿದ್ದವು. ಗೋರ್ಕಿಯ ‘ತಾಯಿ’ಯನ್ನು ನಿರಂಜನರು ಕನ್ನಡಕ್ಕೆ ತಂದಿದ್ದರು. ನಮಗಿಂತ ಹಿಂದಿನ ತಲೆಮಾರಿನ ಮಾಸ್ತರರ ಮನೆಗಳಲ್ಲಿ ಈಗಲೂ ಆ ಪುಸ್ತಕಗಳು ಸಿಗುತ್ತವೆ, ಬೈಂಡು ಮಾತ್ರ ಅಲ್ಲಾಡಿಲ್ಲ. 1991ರಲ್ಲಿ ಆ ದೇಶವೇ ಮುಳುಗಿತು. ಒಂದು ಸರ್ಕಾರದ ಪ್ರಚಾರದ ದುಡ್ಡಿನಲ್ಲಿ ನಮ್ಮ ಓದು ಅಗ್ಗವಾಗಿತ್ತು ಅನ್ನೋದನ್ನು ಮರೆಯಬಾರದು, ಅದು ನಿಂತ ಮೇಲೆ ಆ ಜಾಗ ಖಾಲಿಯೇ ಉಳೀತು ಅನ್ನೋದನ್ನೂ ಮರೆಯಬಾರದು.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ಅದಕ್ಕಾಗಿ ನಮ್ಮ ಹುಡುಗರು ಹಾಸ್ಟೆಲುಗಳಲ್ಲಿ ಏಟು ತಿಂದರು, ಅವರು ಮಂತ್ರಿಗಿರಿ ಬಿಟ್ಟರು. ಅದರ ಅರ್ಥದ ಚರ್ಚೆ ಸಾಕಷ್ಟು ಆಗಿದೆ. ಬೆಲೆಯ ಕಡೆಯಿಂದ ಒಂದು ಮಾತು: ದನ ಸಾಕಿದ ನಮ್ಮ ತಾಲ್ಲೂಕುಗಳಲ್ಲಿ ಬೂಸಾ ಮೂಟೆಯ ಬೆಲೆ ಎಲ್ಲರಿಗೂ ಬಾಯಿಪಾಠ. ಕಾದಂಬರಿಯ ಬೆಲೆ ಯಾರಿಗೂ ಗೊತ್ತಿಲ್ಲ. ಆ ಗಲಾಟೆಯ ಬೆನ್ನಿಗೆ ದಲಿತ ಸಂಘರ್ಷ ಸಮಿತಿ ಬಂತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರದ್ದು. ಅವರ ಊರು ಮಾಗಡಿ ತಾಲ್ಲೂಕಿನ ಮಂಚನಬೆಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಆದಾಗ ಮಾಗಡಿ ನಮ್ಮ ಜೊತೆಗೇ ಇತ್ತು, 2007ರಲ್ಲಿ ರಾಮನಗರಕ್ಕೆ ಹೋಯಿತು. ಆ ಹಾಡುಗಳು ಕೇರಿ ತಲುಪಿದ್ದು ಪುಸ್ತಕದಂಗಡಿಯಿಂದಲ್ಲ, ಬಾಯಿಂದ ಬಾಯಿಗೆ. ಸಭೆ ಮುಗಿದ ಮೇಲೆ ಜೋಳಿಗೆ ಬಿಚ್ಚಿ, ನೆಲದ ಮೇಲೆ ಟವಲು ಹಾಸಿ ಮಾರುವ ಪದ್ಧತಿ ಆ ಕಾಲದ್ದು, ಇವತ್ತಿಗೂ ಇದೆ. ದುಡ್ಡಿದ್ದವರು ಕೊಟ್ಟು ಒಯ್ಯುವುದು, ಇಲ್ಲದವರು ಓದಿ ವಾಪಸು ಕೊಡುವುದು. ಯಾವ ಪ್ರತಿ ಎಷ್ಟಕ್ಕೆ ಹೋಯಿತು ಅಂತ ಯಾರೂ ಬರೆದಿಡಲಿಲ್ಲ. ಈಚೆಗೆ 2022ರಲ್ಲಿ ದೇವನೂರ ಮಹಾದೇವ ಅವರ ‘ಆರ್‌ಎಸ್‌ಎಸ್ ಆಳ ಮತ್ತು ಅಗಲ’ ಅನ್ನುವ ಕಿರುಹೊತ್ತಗೆಯನ್ನು ಒಬ್ಬ ಪ್ರಕಾಶಕರಿಗೆ ಕಟ್ಟಿಹಾಕದೆ ಹಲವು ಸಣ್ಣ ಪ್ರಕಾಶನಗಳು ಒಟ್ಟಿಗೆ 40 ರೂಪಾಯಿಗೆ ತಂದವು. ಅದರ ವಿಚಾರದ ಚರ್ಚೆ ಬೇರೆ. ಬೆಲೆಯ ವಿಚಾರದಲ್ಲಿ ಅದು ಅದೇ ಜೋಳಿಗೆಯ ಮೊಮ್ಮಗು.

ಈಗ ಆನ್‌ಲೈನ್ ಸಂತೆಗೆ ವಾಪಸು ಬರೋಣ. 1995ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಅಮೆಜಾನ್ ವ್ಯಾಪಾರಕ್ಕಿಳಿದದ್ದು ಪುಸ್ತಕದಿಂದ. 2007ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಶುರುವಾದದ್ದೂ ಪುಸ್ತಕದಿಂದಲೇ. 2013ರಲ್ಲಿ ಅಮೆಜಾನ್ ಇಲ್ಲಿಗೂ ಬಂತು. ಪುಸ್ತಕದ ಮೇಲಿನ ಪ್ರೀತಿಗೆ ಯಾರೂ ಹಾಗೆ ಮಾಡಲಿಲ್ಲ. ಪುಸ್ತಕ ಕೊಳೆಯೋದಿಲ್ಲ, ಅಳತೆ ತೊಡಿಸಿ ನೋಡಬೇಕಾಗಿಲ್ಲ, ಒಂದೊಂದಕ್ಕೂ ನಂಬರಿದೆ, ಪೊಟ್ಟಣ ಕಟ್ಟಲು ಸುಲಭ. ಗಿರಾಕಿಯನ್ನು ಹಿಡಿಯಲು ಪುಸ್ತಕ ಗಾಳದ ಹುಳ. ಗಿರಾಕಿ ಸಿಕ್ಕ ಮೇಲೆ ಮಿಕ್ಸಿ, ಟೀವಿ, ಚಪ್ಪಲಿ ಎಲ್ಲ ಬಂದವು.

ಆ ಸಾಮಾನೆಲ್ಲ ಇಡಲು ನೆಲ ಬೇಕಾಯ್ತು. ನೆಲ ಎಲ್ಲಿದೆ? ನಮ್ಮ ಹತ್ತಿರ. ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿ ದಾಬಸ್‌ಪೇಟೆ, ಸೋಂಪುರದ ಕಡೆಗೆ, ಈಚೆ ಹೊಸಕೋಟೆಯ ಸುತ್ತ, ದೇವನಹಳ್ಳಿ ರಸ್ತೆಗಳ ಬದಿಗೆ ಹೋಗಿ ನೋಡಿ. ರಾಗಿ, ಹುರುಳಿ ಬೆಳೀತಿದ್ದ ಹೊಲಗಳ ಮೇಲೆ ಫುಟ್ಬಾಲ್ ಮೈದಾನದಷ್ಟು ದೊಡ್ಡ ತಗಡಿನ ಗೋದಾಮುಗಳು. ಡಿಗ್ರಿ ಮುಗಿಸಿದ ನಮ್ಮ ಗೆಳೆಯರಲ್ಲಿ ಕೆಲವರು ಅಲ್ಲಿ ಪೊಟ್ಟಣ ಕಟ್ತಾರೆ. ಅವರು ಹೇಳುವುದು ಕೇಳಿ: ಕೈಗೆ ಪುಸ್ತಕ ಬಂದರೂ ಹೆಸರು ಓದಲು ಪುರುಸೊತ್ತಿಲ್ಲ, ಗೀಟುಗೀಟಿನ ಚೀಟಿಯನ್ನು ಮೆಶಿನ್ನು ಓದ್ತದೆ, ಗಂಟೆಗೆ ಇಷ್ಟು ಪೊಟ್ಟಣ ಅಂತ ಲೆಕ್ಕ. ಕನ್ನಡ ಎಂ.ಎ. ಮಾಡಿದ ಹುಡುಗ ಚೋಮನನ್ನು ಡಬ್ಬಕ್ಕೆ ಹಾಕಿ ಟೇಪು ಹಚ್ಚಿ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿಗೆ ಕಳಿಸ್ತಾನೆ.

ಚೋಮ ಕೇಳಿದ್ದು ನೆಲ. ಇದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1777 ಎಕರೆ ನೆಲ ಕೈಗಾರಿಕೆಗೆ ಹೋಗದಂತೆ ತಡೆಯಲು 2022ರ ಏಪ್ರಿಲಿನಿಂದ ರೈತರು ಧರಣಿ ಕೂತರು. ಅವರಲ್ಲಿ ದಲಿತ ಸಣ್ಣ ಹಿಡುವಳಿದಾರರೂ ಇದ್ದರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಮೂರು ವರ್ಷಕ್ಕೂ ಮೀರಿ. ಅದೇ ತಿಂಗಳ ಮೊದಲಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ನಮ್ಮ ಜಿಲ್ಲೆಗೆ ಬೆಂಗಳೂರು ಉತ್ತರ ಅಂತ ಹೊಸ ಹೆಸರಿಡಲು ಒಪ್ಪಿತ್ತು. ಹೆಸರು ಬದಲಾದರೆ ನೆಲದ ರೇಟು ಏರ್ತದೆ ಅಂತ ಏಜೆಂಟರು ಖುಷಿಯಲ್ಲಿದ್ದಾರೆ.

ರಿಯಾಯಿತಿ ಯಾರ ಜೇಬಿನಿಂದ ಬರ್ತದೆ? ನಮ್ಮ ಹಳ್ಳಿಯ ಗೆಳೆಯರು ಇದನ್ನು ತಪ್ಪದೆ ಕೇಳ್ತಾರೆ. ಕನ್ನಡದ ಪ್ರಕಾಶಕರು ಮಾರುವವರಿಗೆ ಸಾಮಾನ್ಯವಾಗಿ ನೂರಕ್ಕೆ 30, 40ರಷ್ಟು ಬಿಟ್ಟುಕೊಡ್ತಾರೆ. ಕಾಗದ, ಅಚ್ಚು, ಬೈಂಡು, ಲೇಖಕರ ಗೌರವಧನ ಉಳಿದದ್ದರಲ್ಲಿ ಆಗಬೇಕು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಅಂತ ಹೇಳ್ತಾರೆ, ನಿಜ. ಕಾಗದಕ್ಕೆ ಇದೆ, ಕಾಗದಕ್ಕೆ ಕಟ್ಟಿದ್ದನ್ನು ಪ್ರಕಾಶಕ ವಾಪಸು ಪಡೆಯುವ ಹಾಗಿಲ್ಲ. ದೊಡ್ಡ ಸಂತೆ ಇನ್ನೂ ಹೆಚ್ಚು ಕೇಳಿದಾಗ ಅವನು ಮಾಡುವ ಉಪಾಯ ಒಂದೇ: ಮುಖಬೆಲೆಯನ್ನೇ ಏರಿಸಿ ಅಚ್ಚು ಹಾಕಿಸೋದು. ಹಾಗಾಗಿ ಫೋನಿನಲ್ಲಿ ಕಾಣುವ ಕೆಂಪು ಗೀಟಿನ ರಿಯಾಯಿತಿ ಎಷ್ಟೋ ಸಲ ಮೊದಲು ಏರಿಸಿ ಆಮೇಲೆ ಇಳಿಸಿದ ಬೆಲೆ. ಏರಿದ ಮುಖಬೆಲೆಯನ್ನು ಪೂರ್ತಿ ತೆರುವವನು ಫೋನಿಲ್ಲದೆ ಅಂಗಡಿಗೆ ಹೋದವನು.

ಇದಕ್ಕೆ ಬೇರೆ ದೇಶಗಳಲ್ಲಿ ಕಾನೂನು ಮಾಡಿದ್ದಾರೆ. ಫ್ರಾನ್ಸಿನಲ್ಲಿ 1981ರ ಕಾಯಿದೆಯ ಪ್ರಕಾರ ಹೊಸ ಪುಸ್ತಕಕ್ಕೆ ನೂರಕ್ಕೆ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವ ಹಾಗಿಲ್ಲ. ಹಳ್ಳಿಯ ಅಂಗಡಿಯಲ್ಲೂ ಪ್ಯಾರಿಸ್ಸಿನ ಅಂಗಡಿಯಲ್ಲೂ ಒಂದೇ ಬೆಲೆ. ಆನ್‌ಲೈನ್ ವ್ಯಾಪಾರಿಗಳು ಸಾಗಣೆ ಬಿಟ್ಟಿ ಮಾಡಿ ಆ ಕಾಯಿದೆಯ ಸಂದಿಯಲ್ಲಿ ನುಗ್ಗಿದರು. 2014ರಲ್ಲಿ ಬಿಟ್ಟಿ ಸಾಗಣೆ ನಿಷೇಧಿಸಿದಾಗ ಒಂದೇ ಒಂದು ಸೆಂಟು ಸಾಗಣೆ ಅಂತ ಬರೆದು ನಕ್ಕರು. 2023ರ ಅಕ್ಟೋಬರಿನಿಂದ ಸಣ್ಣ ಆರ್ಡರುಗಳಿಗೆ ಕನಿಷ್ಠ ಮೂರು ಯೂರೋ ಸಾಗಣೆ ಹಾಕಲೇಬೇಕು ಅಂತಾಯಿತು. ಊರಿನ ಅಂಗಡಿ ಉಳಿಯಲಿ ಅಂತ ಮಾಡಿದ್ದು. ನಮಗೆ ಈ ಮದ್ದು ಹಾಗೆಹಾಗೇ ಹಿಡಿಸುತ್ತದೆ ಅಂತ ನಮಗೆ ಅನಿಸಿಲ್ಲ. ಉಳಿಸಿಕೊಳ್ಳಲು ನಮ್ಮ ಊರಲ್ಲಿ ಪುಸ್ತಕದಂಗಡಿ ಇರಬೇಕಲ್ಲ. ನಮ್ಮ ಕಡೆ ಪುಸ್ತಕದಂಗಡಿ ಅಂದ್ರೆ ಗೈಡು, ನೋಟ್‌ಬುಕ್ಕು, ಜೆರಾಕ್ಸು.

ಹಾಗಾದರೆ ದಾರಿ ಯಾವುದು ಅಗ್ಗ? ಅಂಚೆ ಇದೆ. ಪುಸ್ತಕಕ್ಕೆಂದೇ ಇದ್ದ ಅಗ್ಗದ ರಿಜಿಸ್ಟರ್ಡ್ ಅಂಚೆಯನ್ನು 2024ರ ಡಿಸೆಂಬರಿನಲ್ಲಿ ಸದ್ದಿಲ್ಲದೆ ನಿಲ್ಲಿಸಿದರು. ಸಣ್ಣ ಪ್ರಕಾಶಕರು ಬೊಬ್ಬೆ ಹಾಕಿದ ಮೇಲೆ 2025ರ ಮೇ 1ರಿಂದ ‘ಜ್ಞಾನ್ ಪೋಸ್ಟ್’ ಅಂತ ಹೊಸದು ತಂದರು. ಶುರುವಾದಾಗಿನ ದರ 300 ಗ್ರಾಮಿನವರೆಗೆ 20 ರೂಪಾಯಿ, 5 ಕೇಜಿಗೆ 100 ರೂಪಾಯಿ, ತೆರಿಗೆ ಬೇರೆ. ಚೋಮನ ದುಡಿ 300 ಗ್ರಾಮಿನೊಳಗೇ ಬರುವಂಥ ಪುಸ್ತಕ. ಹತ್ತು ಹದಿನೈದು ಜನ ಸೇರಿ ಒಟ್ಟಿಗೆ ತರಿಸಿದರೆ ತಲೆಗೆ ಬೀಳುವುದು ಪುಡಿಗಾಸು. ಇನ್ನೊಂದು ದಾರಿ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿ. ದೊಡ್ಡಬಳ್ಳಾಪುರದಿಂದ ಮೆಜೆಸ್ಟಿಕ್ಕಿಗೆ ಸುಮಾರು 40 ಕಿಲೋಮೀಟರು, ಅಲ್ಲಿಂದ ಗಾಂಧಿನಗರದ ಪುಸ್ತಕದಂಗಡಿಗಳಿಗೆ ಕಾಲ್ನಡಿಗೆ. ನಮ್ಮ ಅಕ್ಕತಂಗಿಯರಿಗೆ ಈಗ ಸಾಗಣೆಯ ಖರ್ಚು ಸೊನ್ನೆ. ಕೇರಿಯ ಪುಸ್ತಕಗಳನ್ನು ಅವರೇ ತರಲಿ ಅಂತ ನಾವು ತಮಾಷೆಗೆ ಅಂದೆವು. ‘ದುಡ್ಡು ಕೊಡ್ರೋ ಮೊದಲು’ ಅಂದರು.

ಕಾಪಿರೈಟಿನ ಮಾತೂ ಸ್ವಲ್ಪ ಬರಬೇಕು. ಲೇಖಕ ತೀರಿದ ಮೇಲೆ 60 ವರ್ಷ ಹಕ್ಕು ಇರ್ತದೆ. ಮೊದಲು 50 ಇತ್ತು, ಟಾಗೋರರ ಪುಸ್ತಕಗಳ ಹಕ್ಕು ಮುಗಿಯುವ ಹೊತ್ತಿಗೆ 60 ಮಾಡಿದರು. ಕಾರಂತರು 1997ರ ಡಿಸೆಂಬರಿನಲ್ಲಿ ತೀರಿಕೊಂಡರು. 2057 ಮುಗಿಯುವವರೆಗೆ ಚೋಮನನ್ನು ಯಾರೂ ಕೇಳದೆ ಅಚ್ಚು ಹಾಕುವ ಹಾಗಿಲ್ಲ. ಆಗ ಪುಸ್ತಕಕ್ಕೆ 124 ವರ್ಷ ಆಗಿರ್ತದೆ. ಬರೆದವರ ಮನೆಯವರ ಗೌರವಧನಕ್ಕೆ ನಾವು ಅಡ್ಡ ಬರೋದಿಲ್ಲ. ಕಾರಂತರೇ ಪುತ್ತೂರಿನಲ್ಲಿ ಅಚ್ಚುಕೂಟ ನಡೆಸಿ, ತಮ್ಮ ಪುಸ್ತಕಗಳನ್ನು ತಾವೇ ಹೊರತಂದು ಕಷ್ಟ ಕಂಡವರು. ಆದರೆ ಹಕ್ಕುಳ್ಳವರಿಗೆ ಸರ್ಕಾರ ದುಡ್ಡು ಕೊಟ್ಟು ಶಾಲೆಗಳಿಗೆ ಅಗ್ಗದ ಆವೃತ್ತಿ ತರಬಾರದು ಅಂತ ಯಾವ ಕಾಯಿದೆಯೂ ಹೇಳೋದಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ 1993ರಿಂದ ಇದೆ. ರಾಜ್ಯೋತ್ಸವದ ತಿಂಗಳಲ್ಲಿ ಪುಸ್ತಕಗಳಿಗೆ ರಿಯಾಯಿತಿ ಸಿಗ್ತದೆ, ಅದು ರಾಗಿ ಕೊಯ್ಲಿನ ಹೊತ್ತು, ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲ. ಅಷ್ಟಾದರೂ ತಿಳಿದಿರಲಿ.

ಈಗ ಮೊದಲ ಲೆಕ್ಕ. ನರೇಗಾ ಕೂಲಿ ಕರ್ನಾಟಕದಲ್ಲಿ 2024-25ಕ್ಕೆ 349 ರೂಪಾಯಿ ಇತ್ತು, 2025-26ಕ್ಕೆ 370 ಆಯಿತು. ಕೂಲಿ ದಿನದ ಲೆಕ್ಕದಲ್ಲಿ ಹೇಳಿದರೆ ಒಂದು ತೆಳು ಕಾದಂಬರಿ ಇವತ್ತು ಅರ್ಧ ದಿನದ ದುಡಿಮೆಯೊಳಗೇ ಬರ್ತದೆ. ಚೋಮನ ಕಾಲಕ್ಕೆ ಅಳೆಯಲೂ ಆಗದಿದ್ದ ದೂರ ಅರ್ಧ ದಿನಕ್ಕೆ ಬಂದಿದೆ. ಇದನ್ನು ಮುಚ್ಚಿಟ್ಟು ಬರೀ ಗೋಳು ಹೇಳುವುದು ನಮಗೆ ಬೇಕಾಗಿಲ್ಲ. ಕೂಲಿ ಏರಿಸಿದ್ದು ಯಾರ ದಯೆಯೂ ಅಲ್ಲ, ಹೋರಾಟ. ಆದರೆ ಕೆಲಸ ಸಿಕ್ಕ ದಿನಗಳಿಗೆ ಮಾತ್ರ ಆ ಲೆಕ್ಕ. ಮತ್ತೆ, ಆ ಅರ್ಧ ದಿನಕ್ಕೆ ಮೊದಲು ಅಕ್ಕಿ, ಮಾತ್ರೆ, ಮಗಳ ಫೀಸು ಸರತಿಯಲ್ಲಿ ನಿಂತಿರ್ತವೆ. ಪುಸ್ತಕದ ಪಾಳಿ ಬರುವ ಹೊತ್ತಿಗೆ ಕತ್ತಲಾಗಿರ್ತದೆ.

ಸರತಿಯಲ್ಲಿ ನಿಲ್ಲದೆ ಪುಸ್ತಕ ಸಿಗುವ ಜಾಗ ಒಂದಿದೆ, ಅದಕ್ಕೆ ನಾವು ಆಗಲೇ ದುಡ್ಡು ಕೊಟ್ಟಿದ್ದೇವೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಪ್ರಕಾರ ಮನೆ, ಕಟ್ಟಡದ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗ್ತದೆ, ತೆರಿಗೆಯ ರೂಪಾಯಿಗೆ 6 ಪೈಸೆ. ಕಾಲೋನಿಯ ತಗಡಿನ ಮನೆಯಿಂದಲೂ ಆ ಕರ ಹೋಗ್ತದೆ. ನಿಮ್ಮ ಪಂಚಾಯಿತಿಯ ಕಂದಾಯ ರಸೀದಿ ತೆಗೆದು ನೋಡಿ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಕೊಟ್ಟರು. ಈಗ ಅರಿವು ಕೇಂದ್ರ ಅಂತ ಬೋರ್ಡು. ಕೆಲವು ಕಡೆ ಬಣ್ಣ, ಕಂಪ್ಯೂಟರು, ಮಕ್ಕಳು, ನೋಡಿದರೆ ಹೊಟ್ಟೆ ತುಂಬ್ತದೆ. ಕೆಲವು ಕಡೆ ಬೀಗ. ಇತ್ತ ಗ್ರಂಥಾಲಯ ಇಲಾಖೆ ಸಗಟು ಖರೀದಿಯಲ್ಲಿ ಒಂದು ಪುಸ್ತಕದ 300 ಪ್ರತಿ ಕೊಳ್ಳುವ ಪದ್ಧತಿ ಇಟ್ಟುಕೊಂಡಿದೆ, ಪುಟಕ್ಕೆ ಇಷ್ಟು ಪೈಸೆ ಅಂತ ರೇಟು. ಪುಟಕ್ಕೆ ರೇಟು ಕಟ್ಟಿದರೆ ಪುಸ್ತಕ ದಪ್ಪ ಆಗ್ತದೆ, ಚೋಮ ಅಲ್ಲಿಯೂ ತೆಳು. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ಐದು ಸಾವಿರದ ಮೇಲಿವೆ, ಪ್ರತಿ 300. ಭಾಗಿಸಿ ನೋಡಿ.

ಗೋದಾಮುಗಳ ಮಾತು ಇಲ್ಲಿಗೆ ಬಂದು ಸೇರ್ತದೆ. ಪಂಚಾಯಿತಿ ವ್ಯಾಪ್ತಿಯ ಗೋದಾಮೂ ಒಂದು ಕಟ್ಟಡವೇ. ಅದಕ್ಕೆ ತೆರಿಗೆ ಉಂಟು, ತೆರಿಗೆ ಮೇಲೆ ಗ್ರಂಥಾಲಯ ಕರ ಉಂಟು. ಎಕರೆಗಟ್ಟಲೆ ತಗಡು ಹೊದ್ದ ಪಂಚಾಯಿತಿಯಲ್ಲಿ ಆ ಕರ ಎಷ್ಟು ಬರಬೇಕಿತ್ತು, ಎಷ್ಟು ಬಂತು, ಬಂದದ್ದರಲ್ಲಿ ಎಷ್ಟು ಪುಸ್ತಕ ಆಯಿತು? ನೆಲಮಂಗಲ ಮತ್ತು ಹೊಸಕೋಟೆ ತಾಲ್ಲೂಕಿನ ಗೆಳೆಯರು ಮೊದಲು ತಮ್ಮ ತಮ್ಮ ಪಂಚಾಯಿತಿಯಲ್ಲಿ ಇದನ್ನು ಕೇಳಲು ಹೊರಟಿದ್ದಾರೆ. ಮಾಹಿತಿ ಹಕ್ಕು ಕಾಯಿದೆ 2005ರದ್ದು. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಬಹುದು. ಮೂರು ಪ್ರಶ್ನೆ ಸಾಕು: ಕಳೆದ ಐದು ವರ್ಷದಲ್ಲಿ ವಸೂಲಾದ ಗ್ರಂಥಾಲಯ ಕರ, ಬಾಕಿ ಇಟ್ಟವರ ಪಟ್ಟಿ, ಕೊಂಡ ಪುಸ್ತಕಗಳ ಪಟ್ಟಿ ಬೆಲೆ ಸಮೇತ. ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡಿನ ನಕಲು ಲಗತ್ತಿಸಿದರೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ಬಂದ ಉತ್ತರಗಳನ್ನು ಈ ಪತ್ರಿಕೆಗೆ ಕಳಿಸಿ, ಒಟ್ಟಿಗೆ ಅಚ್ಚು ಹಾಕೋಣ.